ರ್ಯಾಫಲ್ ಚೀಟಿ

ಸಭೆ ಮುಗಿಯುವ ಹೊತ್ತಿನಲ್ಲಿ ಜನರನ್ನು ಕುರ್ಚಿಯ ಮೇಲೆ ಕೂಡಿಸಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದು ಸಭೆಗಳನ್ನು ನಡೆಸಿದವರಿಗೆ ಗೊತ್ತು. ಅಧ್ಯಕ್ಷರು ಭಾಷಣಕ್ಕೆ ಏಳುವ ವೇಳೆಗೆ ಹಿಂದಿನ ಸಾಲುಗಳು ತೆರವಾಗುತ್ತವೆ. ವಂದನಾರ್ಪಣೆಯನ್ನು ಹೊತ್ತ ಮಹನೀಯರು ಬಹುಮಟ್ಟಿಗೆ ಬೆಂಚುಗಳಿಗೇ ವಂದನೆಯನ್ನು ಅರ್ಪಿಸಿ ಕುಳಿತುಕೊಳ್ಳುತ್ತಾರೆ. ಆದರೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿಯೋ, ಮಹಿಳಾ ಸಮಾಜದ ಸಂತೋಷಕೂಟದಲ್ಲಿಯೋ, ಕಾರ್ಯಕ್ರಮದ ಪಟ್ಟಿಯ ಅಡಿಯಲ್ಲಿ "ಕೊನೆಯಲ್ಲಿ ರ್ಯಾಫಲ್ ಚೀಟಿ ಎತ್ತಲಾಗುವುದು" ಎಂಬ ಒಂದು ಸಾಲು ಅಚ್ಚಾಗಿದ್ದರೆ, ಅಂದು ವಂದನಾರ್ಪಣೆಗೂ ತುಂಬಿದ ಸಭೆ! ಒಬ್ಬೊಬ್ಬರ ಜೇಬಿನಲ್ಲಿಯೂ ಎರಡು ಬೆರಳಗಲದ ಒಂದು ಕಾಗದದ ತುಂಡು. ಅದರ ಮೇಲೆ ಒಂದು ಅಂಕಿ. ಎಂತಹ ವಾಗ್ಮಿಯೂ ಮಾಡಲಾರದುದನ್ನು ಆ ತುಂಡು ಮಾಡುತ್ತದೆ.

ಈ ಚೀಟಿಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಿಷಯ ಅಲ್ಪವೆಂದು ಶ್ರೋತೃಗಳಿಗೆ ತೋರಬಹುದು. ಹಿಂದೊಮ್ಮೆ ನನಗೂ ಹಾಗೆಯೇ ತೋರಿತ್ತು. ಆ ಅಸಡ್ಡೆಯಿಂದ ನಾನು ಮಾಡಿದ ಒಂದು ತಪ್ಪನ್ನೂ ಈ ಮಾತಿನ ನಡುವೆ ಒಪ್ಪಿಸಿಕೊಳ್ಳಬೇಕಾಗಿದೆ.

ಮೊದಲು ಹೆಸರಿನ ವಿಚಾರ. ರ್ಯಾಫಲ್ ಎಂಬುದು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಮಾತು. ಅಲ್ಲಿ ಅದು ಮೂರು ದಾಳಗಳನ್ನು ಉರುಳಿಸಿ ಆಡುವ ಒಂದು ಜೂಜಿನ ಹೆಸರಾಗಿತ್ತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನು ತನ್ನ ಪಾದ್ರಿಯೊಬ್ಬನ ಬಾಯಿಂದ ಜೂಜಾಟಗಳನ್ನು ಖಂಡಿಸುವಾಗ ಈ ಮಾತನ್ನು ಹೇಳಿಸಿದ್ದಾನೆ. ಇಂಗ್ಲಿಷರ ಸಾಹಿತ್ಯದಲ್ಲಿ ಪಾದ್ರಿಯು ಬಯ್ದ ಆಟವೇ ಮುಂದೆ ಅವರ ಇಗರ್ಜಿಗಳ ಛಾವಣಿ ದುರಸ್ತಿಗೆ ಹಣ ಕೂಡಿಸುವ ಸಾಧನವಾಯಿತೆಂಬುದು ಒಂದು ವಿನೋದ. ದಾಳಗಳು ಹೋಗಿ ಚೀಟಿಗಳು ಬಂದುವು. ಹೆಸರು ಮಾತ್ರ ಉಳಿಯಿತು.

ಲಾಟರಿಗೂ ರ್ಯಾಫಲಿಗೂ ಜಾತಿ ಒಂದೇ, ಗಾತ್ರ ಬೇರೆ. ಲಾಟರಿಯಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಹಣ, ರ್ಯಾಫಲಿನಲ್ಲಿ ವಸ್ತು. ಲಾಟರಿಯ ಚೀಟಿಯನ್ನು ಮಾರಿದವನ ಮುಖವನ್ನು ಕೊಂಡವನು ಮತ್ತೆ ನೋಡದಿರಬಹುದು. ರ್ಯಾಫಲಿನ ಚೀಟಿಯನ್ನು ಮಾರುವವಳು ಪಕ್ಕದ ಮನೆಯ ಹುಡುಗಿ. ಚೀಟಿ ಎತ್ತುವಾಗ ಅವಳೂ ಅಲ್ಲಿಯೇ ಇರುತ್ತಾಳೆ, ಕೊಂಡವರೂ ಇರುತ್ತಾರೆ. ಇದರ ಸೋದರ ಸಂಬಂಧಿಗಳು ಹಲವುಂಟು. ಪ್ರವೇಶದ ಟಿಕೆಟ್ಟಿನ ಸಂಖ್ಯೆಗೇ ಬಹುಮಾನ ಕೊಡುವುದು ಒಂದು ಕ್ರಮ. ಬಹುಮಾನಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮುಂದೆಯೂ ಒಂದು ಬುಟ್ಟಿಯನ್ನಿರಿಸಿ, ನಿಮಗೆ ಬೇಕಾದ ವಸ್ತುವಿನ ಬುಟ್ಟಿಯಲ್ಲಿ ನಿಮ್ಮ ಚೀಟಿಯನ್ನು ಹಾಕಿ ಎನ್ನುವುದು ಇನ್ನೊಂದು. ಕ್ಷೌರದ ಪೆಟ್ಟಿಗೆ ಬೇಡದ ಅಜ್ಜಿಗೆ ಅದು ಬಾರದಂತೆ ಮಾಡುವ ಜಾಣ್ಮೆ ಇದರಲ್ಲಿದೆ. ಅಮೆರಿಕದ ಆಟದ ಮೈದಾನಗಳಲ್ಲಿ, ಕೂಡಿದ ಹಣದ ಅರ್ಧವನ್ನು ಗೆದ್ದವನಿಗೂ ಅರ್ಧವನ್ನು ಧರ್ಮಕಾರ್ಯಕ್ಕೂ ಕೊಡುವ ಪದ್ಧತಿ ಇದೆ. ತಂಬೋಲ ಎಂಬ ಇಟಲಿಯ ಹೆಸರಿನ ಆಟವು ನಮ್ಮ ಕ್ಲಬ್ಬುಗಳಲ್ಲಿ ಅಂಕಿಗಳನ್ನು ಕೂಗಿ ಕಾಗದದ ಮೇಲೆ ಹೊಡೆದುಹಾಕುವ ಆಟವಾಗಿದ್ದರೆ, ಇಂಗ್ಲೆಂಡಿನ ಜಾತ್ರೆಯ ಅಂಗಡಿಗಳಲ್ಲಿ ಅದು ಬೇರೆ. ಅಲ್ಲಿ ಮಡಿಸಿದ ಚೀಟಿಯನ್ನು ಎತ್ತಿ ಬಿಡಿಸುವುದು. ಸಂಖ್ಯೆಯ ಕೊನೆಯಲ್ಲಿ ಸೊನ್ನೆಯೋ ಐದೋ ಇದ್ದರೆ, ಆ ಸಂಖ್ಯೆಯನ್ನು ಅಂಟಿಸಿದ ವಸ್ತು ನಿಮ್ಮದು.

ಇನ್ನು ಚೀಟಿಯ ರಚನೆ. ರ್ಯಾಫಲ್ ಚೀಟಿಗೆ ಎರಡು ತುಂಡುಗಳು. ಎರಡರ ಮೇಲೂ ಒಂದೇ ಸಂಖ್ಯೆ. ನಡುವೆ ಸುಲಭವಾಗಿ ಹರಿಯಲು ಸೂಜಿಯಿಂದ ಚುಚ್ಚಿದಂತಹ ರಂಧ್ರಗಳ ಸಾಲು. ಒಂದು ತುಂಡು ಕೊಂಡವನ ಕೈಗೆ. ರಸೀದಿ ಪುಸ್ತಕದಲ್ಲಿ ಉಳಿಯುವಂತೆ ಮಾರಿದವನ ಬಳಿ ಉಳಿಯುವುದು ಇನ್ನೊಂದು. ಅದನ್ನೇ ಕೌಂಟರ್‌ಫಾಯಿಲು ಎನ್ನುತ್ತೇವೆ. ಸುರುಳಿ ಸುತ್ತಿದ ಸಣ್ಣ ಬಣ್ಣದ ಚೀಟಿಗಳು ಒಂದೇ ಸಂಜೆಯ ಕೂಟಕ್ಕೆ ಸಾಕು. ಅವುಗಳಲ್ಲಿ ಸಂಖ್ಯೆಯ ಹೊರತು ಬೇರೇನೂ ಇರುವುದಿಲ್ಲ. ವಾರಗಟ್ಟಲೆ ಮಾರುವ ಚೀಟಿಯಾದರೆ ಪುಸ್ತಕವನ್ನೇ ಅಚ್ಚು ಹಾಕಿಸಬೇಕಾಗುತ್ತದೆ. ನಡೆಸುವವರು ಯಾರು, ಯಾವ ಕಾರ್ಯಕ್ಕಾಗಿ, ಚೀಟಿಯ ಬೆಲೆಯೆಷ್ಟು, ಬಹುಮಾನಗಳಾವುವು, ಎತ್ತುವುದು ಎಂದು, ಎಲ್ಲಿ, ಎಷ್ಟು ಗಂಟೆಗೆ ಎಂಬಿಷ್ಟನ್ನೂ ಅದರ ಮೇಲೆ ಕಾಣಿಸಬೇಕು. ಕೌಂಟರ್‌ಫಾಯಿಲಿನಲ್ಲಿ ಕೊಂಡವನ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆ ಇವುಗಳಿಗೆ ಗೆರೆ ಎಳೆದಿರಬೇಕು. ಎತ್ತುವ ದಿನ ಡಬ್ಬಿಯೊಳಕ್ಕೆ ಬೀಳುವುದು ಈ ಎರಡನೆಯ ತುಂಡು. ನಾವು ಕೊಂಡ ತುಂಡು ನಮ್ಮ ಜೇಬಿನಲ್ಲಿ ಭದ್ರವಾಗಿರುತ್ತದೆ. ನಮ್ಮ ಭಾಗ್ಯವೇನಿದ್ದರೂ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ತುಂಡಿನಲ್ಲಿರುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಚೀಟಿಯ ಲೆಕ್ಕವನ್ನು ಸ್ವಲ್ಪ ನೋಡೋಣ. ಹತ್ತು ರೂಪಾಯಿನ ಚೀಟಿಗಳು 500. ಎಲ್ಲವೂ ಮಾರಿದರೆ 5,000 ರೂಪಾಯಿ. ಬಹುಮಾನಗಳಿಗೆ 1,500, ಅಚ್ಚು ಮೊದಲಾದ ವೆಚ್ಚಕ್ಕೆ 500 ಎಂದಿಟ್ಟುಕೊಂಡರೆ ಧರ್ಮಕಾರ್ಯಕ್ಕೆ 3,000 ಉಳಿಯುತ್ತದೆ. ಎಂದರೆ, ನೀವು ಕೊಟ್ಟ ಹತ್ತು ರೂಪಾಯಿಯಲ್ಲಿ ಮೂರು ರೂಪಾಯಿ ಆಟಕ್ಕೆ, ಒಂದು ರೂಪಾಯಿ ಖರ್ಚಿಗೆ, ಆರು ರೂಪಾಯಿ ದಾನಕ್ಕೆ. ವರ್ತಕರು ಬಹುಮಾನಗಳನ್ನು ಉಚಿತವಾಗಿ ಕೊಟ್ಟಿದ್ದರೆ ಒಂಬತ್ತು ರೂಪಾಯಿಯೂ ದಾನವೇ. ಒಬ್ಬರು ಉತ್ಸಾಹದಿಂದ ಹತ್ತು ಚೀಟಿಗಳನ್ನು ಕೊಂಡರೂ ಮೊದಲನೆಯ ಬಹುಮಾನ ಅವರಿಗೆ ಬರುವ ಸಂಭವ ಐವತ್ತರಲ್ಲಿ ಒಂದು ಪಾಲು ಮಾತ್ರ. ಲಾಭದ ದೃಷ್ಟಿಯಿಂದ ನೋಡಿದರೆ ಇದು ಮೂರ್ಖವ್ಯಾಪಾರ. ಆದರೆ ಕೊಳ್ಳುವವರು ಮೂರ್ಖರಲ್ಲ. ಕೊಡಬೇಕೆಂಬ ಮನಸ್ಸೂ, ಬಂದರೆ ಬರಲಿ ಎಂಬ ಆಸೆಯೂ ಎರಡೂ ಸೇರಿ ಆ ಹತ್ತು ರೂಪಾಯಿಯನ್ನು ಜೇಬಿನಿಂದ ಹೊರಕ್ಕೆ ತರುತ್ತವೆ. ಗಣಪತಿಯ ಉತ್ಸವದ ಕೊನೆಯ ದಿನ ದೇವರ ಮುಂದಿಟ್ಟ ಫಲವನ್ನು ಹರಾಜು ಕೂಗುವುದನ್ನು ನೋಡಿದ್ದೀರಷ್ಟೆ. ಅಲ್ಲಿ ಗೆಲ್ಲುವವನು ಊರಿನ ಹಣವಂತ, ಉಳಿದವರು ನೋಡುವವರು. ರ್ಯಾಫಲಿನಲ್ಲಿ ಹಣವಂತನ ಚೀಟಿಗೂ ಗೇಟು ಕಾಯುವವನ ಚೀಟಿಗೂ ಬೆಲೆ ಒಂದೇ. ಒಂದು ಸಂಜೆಯ ಮಟ್ಟಿಗೆ ಇಬ್ಬರೂ ಒಂದೇ ಸಾಲಿನವರು. ಅದರ ನಿಜವಾದ ಆಕರ್ಷಣೆ ಇದೇ ಎಂದು ನನಗೆ ತೋರುತ್ತದೆ.

ಈ ಆಕರ್ಷಣೆಯನ್ನು ದೊಡ್ಡ ದೊಡ್ಡ ಸರ್ಕಾರಗಳೂ ಬಳಸಿಕೊಂಡಿವೆ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿ 1567ರಲ್ಲಿ ಬಂದರುಗಳ ದುರಸ್ತಿಗೆಂದು ಒಂದು ಲಾಟರಿಯನ್ನು ಸಾರಿಸಿದಳು. ಒಂದು ಚೀಟಿಗೆ ಹತ್ತು ಷಿಲ್ಲಿಂಗ್. ಚೀಟಿಗಳು ನಾಲ್ಕು ಲಕ್ಷ. 1569ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಬಾಗಿಲ ಬಳಿ ಚೀಟಿ ಎತ್ತಿದರು. ಆದರೆ ಜನ ಸಂಶಯಪಟ್ಟು ಹಿಂಜರಿದುದರಿಂದ ನಿರೀಕ್ಷಿಸಿದಷ್ಟು ಚೀಟಿಗಳು ಮಾರಾಟವಾಗಿರಲಿಲ್ಲ. ಜಗತ್ಪ್ರಸಿದ್ಧವಾದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮೂಲಧನ ಒದಗಿದುದೂ ಲಾಟರಿಯಿಂದಲೇ. 1753ರ ಶಾಸನದಂತೆ ಮೂರು ಪೌಂಡಿನ ಒಂದು ಲಕ್ಷ ಚೀಟಿಗಳನ್ನು ಮಾರಿದರು. ಒಬ್ಬನಿಗೆ ಇಪ್ಪತ್ತು ಚೀಟಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಿದ್ದರೂ, ಮಾರಾಟದ ಹೊಣೆ ಹೊತ್ತಿದ್ದ ಪೀಟರ್ ಲೆಹೂಪ್ ಎಂಬಾತನು ಸುಳ್ಳು ಹೆಸರುಗಳಲ್ಲಿ ಚೀಟಿಗಳು ಕೆಲವರ ಕೈಸೇರುವಂತೆ ಮಾಡಿದನು. ವಿಚಾರಣೆ ನಡೆದು ಅವನಿಗೆ ಸಾವಿರ ಪೌಂಡು ದಂಡ ಬಿತ್ತು. ನಮ್ಮ ದೇಶದಲ್ಲಿಯೂ ಹೀಗೆಯೇ. 1787ರಲ್ಲಿ ಪೂರ್ತಿಯಾದ ಕಲ್ಕತ್ತೆಯ ಸೇಂಟ್ ಜಾನ್ ಇಗರ್ಜಿಗೆ ಸ್ವಲ್ಪ ಹಣ, 1813ರ ಪುರಭವನಕ್ಕೆ ಹಣ, 1817ರಿಂದ 1836ರ ವರೆಗೆ ಲಾಟರಿ ಸಮಿತಿ ಎಂಬ ಹೆಸರಿನಿಂದಲೇ ನಡೆದ ಮಂಡಲಿಯು ಆ ನಗರದಲ್ಲಿ ಹಾಕಿಸಿದ ವಿಶಾಲವಾದ ರಸ್ತೆಗಳಿಗೆ ಹಣ, ಇವೆಲ್ಲವೂ ಚೀಟಿ ಮಾರಿ ಬಂದುದೇ.

ಈ ಚರಿತ್ರೆಯಿಂದ ಸ್ಪಷ್ಟವಾಗುವುದೇನೆಂದರೆ, ಚೀಟಿಯ ವ್ಯಾಪಾರಕ್ಕೆ ಕಾಗದವೂ ಅಲ್ಲ, ಬಹುಮಾನವೂ ಅಲ್ಲ, ವಿಶ್ವಾಸವೇ ಬಂಡವಾಳ. ಆದುದರಿಂದಲೇ ಕಾನೂನು ಇದರ ಮೇಲೆ ಸದಾ ಕಣ್ಣಿಟ್ಟಿದೆ. ಇಂಗ್ಲೆಂಡಿನಲ್ಲಿ 1934ರ ಒಂದು ಶಾಸನವು ಲಾಟರಿಗಳನ್ನು ಸಾಮಾನ್ಯವಾಗಿ ನಿಷೇಧಿಸಿ, ಬಜಾರು, ಕ್ರೀಡೋತ್ಸವ ಮುಂತಾದ ಕೂಟಗಳಲ್ಲಿ ನಡೆಯುವ ಚಿಕ್ಕ ರ್ಯಾಫಲುಗಳಿಗೆ ವಿನಾಯಿತಿ ಕೊಟ್ಟಿತು. ಬಹುಮಾನ ಹಣವಾಗಿರಕೂಡದು, ಚೀಟಿಗಳನ್ನು ಆ ಕೂಟದ ಸ್ಥಳದಲ್ಲಿ, ಆ ಹೊತ್ತಿನಲ್ಲಿಯೇ ಮಾರಬೇಕು, ಬಹುಮಾನಗಳನ್ನು ಕೊಳ್ಳಲು ಹತ್ತು ಪೌಂಡಿಗಿಂತ ಹೆಚ್ಚು ಬಳಸಕೂಡದು, ಉಳಿದ ಹಣ ಯಾರ ಸ್ವಂತ ಲಾಭಕ್ಕೂ ಹೋಗಕೂಡದು. ಮುಂದೆ 2005ರ ಶಾಸನ ಈ ಮಿತಿಯನ್ನು ಐದು ನೂರು ಪೌಂಡುಗಳಿಗೆ ಏರಿಸಿದರೂ, ಕೂಟದ ಚೀಟಿ ಕೂಟದಲ್ಲಿಯೇ ಮಾರಾಟವಾಗಬೇಕೆಂಬ ತತ್ತ್ವವನ್ನು ಉಳಿಸಿಕೊಂಡಿದೆ. ನಮ್ಮಲ್ಲಿ, ಸರ್ಕಾರದ ಅಪ್ಪಣೆಯಿಲ್ಲದೆ ಲಾಟರಿ ಎತ್ತಲು ಕಚೇರಿಯನ್ನಾಗಲಿ ಸ್ಥಳವನ್ನಾಗಲಿ ಇಟ್ಟುಕೊಳ್ಳುವುದು ಅಪರಾಧವೆಂದು 1870ರಲ್ಲಿ ದಂಡಸಂಹಿತೆಗೆ ಒಂದು ಪ್ರಕರಣ ಸೇರಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು 297ನೆಯ ಪ್ರಕರಣವಾಗಿ ಮುಂದುವರಿದಿದೆ. ಕರ್ನಾಟಕ ಸರ್ಕಾರವು 2007ರಲ್ಲಿ ಲಾಟರಿಗಳ ಮಾರಾಟವನ್ನೇ ನಿಲ್ಲಿಸಿತು. ದಿನಗೂಲಿಯನ್ನು ಮನೆಗೆ ಒಯ್ಯದೆ ಚೀಟಿಯಂಗಡಿಗೆ ಸುರಿದು ಬರಿಗೈಯಲ್ಲಿ ಹಿಂದಿರುಗಿದವರ ಸಂಸಾರಗಳನ್ನು ಕಂಡವರಿಗೆ ಆ ನಿಷೇಧದ ಅರ್ಥವನ್ನು ವಿವರಿಸಬೇಕಾಗಿಲ್ಲ. ಹಣ ಪಡೆದು ಚೀಟಿ ಮಾರುವವರು, ಧರ್ಮಕಾರ್ಯವಾದರೂ ಸರಿಯೇ, ಮೊದಲು ಕಾನೂನು ಬಲ್ಲವರನ್ನು ಕೇಳಿಕೊಳ್ಳುವುದು ವಿವೇಕ. ಈ ವಿವೇಕ ನನಗೆ ಬಂದುದು ತಡವಾಗಿ. ಮುಂದೆ ಹೇಳುವ ಸಂಗತಿ ನಡೆದಾಗ ನಾನು ಇದಾವುದನ್ನೂ ಓದಿರಲಿಲ್ಲ.

ಹಲವು ವರ್ಷಗಳ ಹಿಂದಿನ ಮಾತು. ನಾನು ಆಗ ಕೆಲಸಮಾಡುತ್ತಿದ್ದ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳ ಪುಸ್ತಕನಿಧಿಗಾಗಿ ಒಂದು ರ್ಯಾಫಲ್ ಏರ್ಪಾಡಾಯಿತು. ಹತ್ತು ರೂಪಾಯಿನ ಚೀಟಿ. ಇಪ್ಪತ್ತೈದು ಚೀಟಿಗಳ ಪುಸ್ತಕಗಳು ಇಪ್ಪತ್ತು. ಮೊದಲನೆಯ ಬಹುಮಾನ ಒಂದು ಹೊಲಿಗೆಯ ಯಂತ್ರ. ಊರಿನ ವರ್ತಕರೊಬ್ಬರು ಉದಾರವಾಗಿ ಕೊಟ್ಟುದು. ವ್ಯವಸ್ಥೆಯ ಭಾರ ನನ್ನದು. ವಿದ್ಯಾರ್ಥಿಗಳು ಉತ್ಸಾಹದಿಂದ ಮಾರಿದರು. ವಾರ್ಷಿಕೋತ್ಸವದ ಸಂಜೆ ಕೌಂಟರ್‌ಫಾಯಿಲುಗಳನ್ನೆಲ್ಲ ಹರಿದು, ಮಡಿಸಿ, ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದಕ್ಕೆ ತುಂಬಿದೆವು. ಮುಖ್ಯ ಅತಿಥಿಗಳು ಚೀಟಿ ಎತ್ತಿದರು, ಚಪ್ಪಾಳೆಯಾಯಿತು, ಹೊಲಿಗೆಯ ಯಂತ್ರ ಅನುಕೂಲವಂತರೊಬ್ಬರ ಮನೆಗೆ ಹೋಯಿತು. ಹಣವನ್ನು ಎಣಿಸಿದೆವು. ಐದು ಸಾವಿರ, ಒಂದು ರೂಪಾಯಿಯೂ ಕಡಮೆಯಿಲ್ಲ. ನಾನು ತೃಪ್ತನಾಗಿ ಕುರ್ಚಿಗಳನ್ನು ಎತ್ತಿಡಿಸುತ್ತಿದ್ದೆ.

ಆಗ ಕಾಲೇಜಿನ ಹಳೆಯ ಅಟೆಂಡರು ಹತ್ತಿರ ಬಂದರು. ಕೈಯಲ್ಲಿ ಬೆವರಿನಿಂದ ಮೆತ್ತಗಾಗಿದ್ದ ಒಂದು ಚೀಟಿ. ಅವರ ಮನೆಯಾಕೆ ಹೊಲಿಗೆಯನ್ನು ಕಲಿತಿದ್ದರು, ಯಂತ್ರ ಮಾತ್ರ ಇರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಅವರು ಬಹುಮಾನದ ಮಾತನ್ನೇ ಎತ್ತಲಿಲ್ಲ. ತಗ್ಗಿದ ದನಿಯಲ್ಲಿ, "ನನ್ನ ಚೀಟಿ ಡಬ್ಬೀಲಿ ಇತ್ತಾ, ಮೇಷ್ಟ್ರೇ?" ಎಂದು ಕೇಳಿದರು.

"ಇಲ್ಲದೆ ಏನು? ಎಲ್ಲರದೂ ಇತ್ತು" ಎಂದೆ.

"ಹಾಗಾದ್ರೆ ಸರಿ" ಎಂದು ಅವರು ಕುರ್ಚಿಗಳನ್ನು ಹೊರತೊಡಗಿದರು.

ಮಾರನೆಯ ದಿನ ಬೆಳಿಗ್ಗೆ ಮೇಜಿನ ಸೆಳೆಖಾನೆಯನ್ನು ಎಳೆದೆ. ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ ಒಂದು ಚೀಟಿ ಪುಸ್ತಕ. ಇಪ್ಪತ್ತೈದು ಕೌಂಟರ್‌ಫಾಯಿಲುಗಳೂ ಹಾಗೆಯೇ ಹೊಲಿಗೆಯಲ್ಲಿ ಕುಳಿತಿದ್ದುವು. ಹಿಂದಿನ ದಿನ ಪಾಠದ ನಡುವೆ ವಿದ್ಯಾರ್ಥಿಯೊಬ್ಬ ಹಣವನ್ನೂ ಪುಸ್ತಕವನ್ನೂ ತಂದುಕೊಟ್ಟಿದ್ದ. ಹಣವನ್ನು ನಾನು ಪೆಟ್ಟಿಗೆಗೆ ಸೇರಿಸಿದೆ. ಪುಸ್ತಕವನ್ನು ಆಮೇಲೆ ಹರಿಯೋಣವೆಂದು ಸೆಳೆಖಾನೆಗೆ ಹಾಕಿ ಮರೆತೆ. ಹಣದ ಲೆಕ್ಕ ಸರಿಯಾಗಿದ್ದುದರಿಂದ ಚೀಟಿಯ ಲೆಕ್ಕವನ್ನು ಯಾರೂ ನೋಡಲಿಲ್ಲ. ಪುಟಗಳನ್ನು ತಿರುವಿದೆ. ಹದಿನಾಲ್ಕನೆಯದರ ಮೇಲೆ ವಿದ್ಯಾರ್ಥಿಯ ದುಂಡನೆಯ ಅಕ್ಷರದಲ್ಲಿ ಅಟೆಂಡರ ಹೆಸರಿತ್ತು.

ಗಣಿತದ ದೃಷ್ಟಿಯಿಂದ ಅಲ್ಪ ವ್ಯತ್ಯಾಸ. ಡಬ್ಬಿಯಲ್ಲಿ 500ರ ಬದಲು 475 ಚೀಟಿಗಳಿದ್ದುವು; ಆ 475ರ ಸಂಭವ ಕೂದಲೆಳೆಯಷ್ಟು ಹೆಚ್ಚಿತ್ತು. ಆದರೆ ಉಳಿದ 25ರ ಸಂಭವ ಕಡಮೆಯಾದುದಲ್ಲ, ಇಲ್ಲವೇ ಇಲ್ಲವಾಯಿತು. ಆ ಚೀಟಿಗಳನ್ನು ಹಿಡಿದವರು ಸಂಜೆಯೆಲ್ಲ ಕುಳಿತು, ಒಂದೊಂದು ಅಂಕಿ ಕೂಗಿದಾಗಲೂ ಕೈಯಲ್ಲಿದ್ದುದನ್ನು ನೋಡಿಕೊಂಡಿದ್ದರು. ನಾನು ಯಾರ ಹಣವನ್ನೂ ತೆಗೆದುಕೊಂಡಿರಲಿಲ್ಲ. ಆದರೂ ಅವರಿಗೆ ಮಾರಿದ ಪದಾರ್ಥವನ್ನು ಕೊಟ್ಟಿರಲಿಲ್ಲ. ರ್ಯಾಫಲಿನಲ್ಲಿ ನಾವು ಮಾರುವುದು ಹೊಲಿಗೆಯ ಯಂತ್ರವನ್ನಲ್ಲ. "ನಿಮ್ಮ ಸಂಖ್ಯೆ ಉಳಿದೆಲ್ಲ ಸಂಖ್ಯೆಗಳ ಜೊತೆಯಲ್ಲಿ ಡಬ್ಬಿಯೊಳಗೆ ಇರುತ್ತದೆ" ಎಂಬ ಮಾತೊಂದನ್ನೇ ನಾವು ಮಾರುವುದು. ಅಟೆಂಡರು ಕೇಳಿದ್ದು ಆ ಪದಾರ್ಥವನ್ನೇ. ತಾವು ಏನನ್ನು ಕೊಂಡಿದ್ದೇವೆಂಬುದು ನನಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು.

ಹೇಳಲೋ ಬೇಡವೋ ಎಂದು ಮಧ್ಯಾಹ್ನದವರೆಗೆ ತೂಗಾಡಿದೆನೆಂದು ಒಪ್ಪಿಕೊಳ್ಳಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹೋಗಿ ಹೇಳಿದೆ. ಹತ್ತು ರೂಪಾಯಿಯನ್ನು ಹಿಂದಕ್ಕೆ ಕೊಡಹೋದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಹುಡುಗರ ಪುಸ್ತಕಕ್ಕೆ ಕೊಟ್ಟಿದ್ದು, ಇರಲಿ ಬಿಡಿ. ಯಂತ್ರ ನಂಗೇ ಬರ್ತಿತ್ತು ಅಂತ ಏನಿಲ್ಲ. ಒಳಗೆ ಇದೆ ಅಂದ್ಕೊಂಡು ಕೂತಿದ್ದೆ, ಅಷ್ಟೆ" ಎಂದರು. ಉಳಿದವರಲ್ಲಿ ಹೆಚ್ಚಿನವರನ್ನು ಹುಡುಕಿ ವಿಷಯ ತಿಳಿಸಿ ಹಣವನ್ನು ಹಿಂದಿರುಗಿಸಿದೆ. ನಾಲ್ಕು ಕೌಂಟರ್‌ಫಾಯಿಲುಗಳ ಮೇಲೆ ಹೆಸರೇ ಇರಲಿಲ್ಲ. ಆ ನಾಲ್ವರು ಯಾರೋ, ಇಂದಿಗೂ ನನಗೆ ತಿಳಿಯದು. ಅವರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಕ್ಷಮಿಸಬೇಕು.

ಈ ಕಥೆಯನ್ನು ಇತಿಹಾಸ ಬೋಧಿಸುವ ಮಿತ್ರರೊಬ್ಬರಲ್ಲಿ ಹೇಳಿಕೊಂಡಾಗ ಅವರು ನಕ್ಕು, "ನೀವು ಉತ್ತರಮೇರೂರಿನ ಶಾಸನವನ್ನು ಓದಿದ್ದರೆ ಈ ಪಾಡು ಬರುತ್ತಿರಲಿಲ್ಲ" ಎಂದರು. ಉತ್ತರಮೇರೂರು ತಮಿಳುನಾಡಿನ ಕಾಂಚೀಪುರದ ಸೀಮೆಯಲ್ಲಿದೆ. ಅಲ್ಲಿಯ ವೈಕುಂಠ ಪೆರುಮಾಳ್ ದೇವಾಲಯದ ಗೋಡೆಯ ಮೇಲೆ, ಚೋಳರಾಜನಾದ ಮೊದಲನೆಯ ಪರಾಂತಕನ ಕಾಲದಲ್ಲಿ, ಸುಮಾರು 919ರಲ್ಲಿಯೂ 921ರಲ್ಲಿಯೂ ಕೊರೆದ ಎರಡು ಶಾಸನಗಳಿವೆ. ಊರಿನ ಕೆರೆ, ತೋಟ ಮೊದಲಾದುವನ್ನು ನೋಡಿಕೊಳ್ಳುವ ಸಮಿತಿಗಳಿಗೆ ಸದಸ್ಯರನ್ನು ಚೀಟಿ ಎತ್ತಿ ಆರಿಸುವ ಕ್ರಮವನ್ನು ಅವು ವಿಧಿಸುತ್ತವೆ. ಅಲ್ಲಿ ಬಹುಮಾನ ವಸ್ತುವಲ್ಲ, ಅಧಿಕಾರ. ಆದರೆ ಚೀಟಿ ಎತ್ತುವ ವಿಧಾನವನ್ನು ನೋಡಿ.

ಊರಿನ ಮೂವತ್ತು ವಿಭಾಗಗಳಲ್ಲಿ ಒಂದೊಂದರಿಂದಲೂ ಅರ್ಹರಾದವರ ಹೆಸರುಗಳನ್ನು ಓಲೆಗಳ ಮೇಲೆ ಬರೆದು, ವಿಭಾಗದ ಹೆಸರನ್ನು ಕಟ್ಟಿ, ಕೊಡದೊಳಗೆ ಹಾಕಬೇಕು. ಆಬಾಲವೃದ್ಧರೂ ಸಭೆಯಲ್ಲಿ ಕೂಡಿರಬೇಕು. ದೇವಾಲಯದ ಅರ್ಚಕರಲ್ಲಿ ಹಿರಿಯನಾದವನು ಎದ್ದು, ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗೇನಿದೆಯೆಂಬುದನ್ನರಿಯದ ಒಬ್ಬ ಚಿಕ್ಕ ಹುಡುಗನು ಒಂದು ಕಟ್ಟನ್ನು ತೆಗೆಯಬೇಕು. ಅದರ ಓಲೆಗಳನ್ನು ಬೇರೊಂದು ಬರಿದಾದ ಕೊಡಕ್ಕೆ ಹಾಕಿ ಅಲುಗಿಸಿ, ಆ ಹುಡುಗನೇ ಒಂದು ಓಲೆಯನ್ನು ಎತ್ತಿ ಮಧ್ಯಸ್ಥನಿಗೆ ಕೊಡಬೇಕು. ಮಧ್ಯಸ್ಥನು ಅದನ್ನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಅವನು ಗಟ್ಟಿಯಾಗಿ ಓದಬೇಕು. ಆಮೇಲೆ ಅಲ್ಲಿರುವ ಅರ್ಚಕರೆಲ್ಲರೂ ಅದನ್ನೇ ಓದಬೇಕು. ಅನಂತರವೇ ಹೆಸರನ್ನು ಬರೆದುಕೊಳ್ಳಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನೂ ಅವನ ಹತ್ತಿರದ ಬಂಧುಗಳ ಹೆಸರುಗಳನ್ನೂ ಕೊಡಕ್ಕೆ ಹಾಕಲೇಕೂಡದು.

ಐದು ಬೆರಳು ಬಿಡಿಸಿದ ಅಂಗೈ! ಒಂದು ಸಾವಿರ ವರ್ಷಕ್ಕೂ ಹಿಂದಿನ ಹಳ್ಳಿಗರು ಬೆರಳ ಸಂದಿಯಲ್ಲಿ ಓಲೆಯನ್ನು ಅಡಗಿಸುವ ಚಮತ್ಕಾರವನ್ನೂ ಊಹಿಸಿದ್ದರು. ಮನುಷ್ಯರೆಲ್ಲ ಕಳ್ಳರೆಂದು ಅವರು ಭಾವಿಸಿದ್ದರೆಂದು ಇದರ ಅರ್ಥವಲ್ಲ. ಒಳ್ಳೆಯವನ ಒಳ್ಳೆಯತನವೂ ಹೊರಗೆ ಕಾಣುವಂತಿರಬೇಕೆಂದು ಅವರು ತಿಳಿದಿದ್ದರು. ನಮ್ಮ ಮನೆಗಳಲ್ಲಿಯೂ ಈ ಸಂಸ್ಕಾರವಿದೆ. ಅಣ್ಣತಮ್ಮಂದಿರು ಪಾಲಾಗುವಾಗ ಯಾವ ಹೊಲ ಯಾರಿಗೆಂದು ಚೀಟಿ ಹಾಕಿ ಮಗುವಿನ ಕೈಯಿಂದ ಎತ್ತಿಸುವುದು, ತಿಂಗಳ ಚೀಟಿಯ ವ್ಯವಹಾರದಲ್ಲಿ ಸದಸ್ಯರ ಎದುರಿಗೇ ಡಬ್ಬಿಯನ್ನು ಕುಲುಕುವುದು, ಇವೆಲ್ಲ ಆ ಜಾತಿಯವೇ. ಡಬ್ಬಿಯನ್ನು ಬರಿದು ಮಾಡಿ ತೋರಿಸದೆ ಚೀಟಿ ಹಾಕಿದರೆ ನಮ್ಮ ಅಜ್ಜಿಯರು ಒಪ್ಪುತ್ತಿರಲಿಲ್ಲ.

ಕುಲುಕುವುದೂ ಬರಿಯ ಶಾಸ್ತ್ರವಲ್ಲ. ವಿಯಟ್ನಾಮಿನ ಯುದ್ಧಕಾಲದಲ್ಲಿ, 1969ರ ಡಿಸೆಂಬರ್ 1ರಂದು, ಅಮೆರಿಕದ ಸರ್ಕಾರವು ಯುವಕರನ್ನು ಸೈನ್ಯಕ್ಕೆ ಕರೆಯುವ ಅನುಕ್ರಮವನ್ನು ಚೀಟಿಯಿಂದ ನಿಶ್ಚಯಿಸಿತು. ವರ್ಷದ 366 ದಿನಗಳನ್ನು ಬರೆದ ಚೀಟಿಗಳು 366 ಗುಳಿಗೆಗಳಲ್ಲಿ. ಮೊದಲು ಎತ್ತಿದ ದಿನಾಂಕದಲ್ಲಿ ಹುಟ್ಟಿದವರಿಗೆ ಮೊದಲು ಕರೆ. ಗುಳಿಗೆಗಳನ್ನು ತಿಂಗಳಿನಿಂದ ತಿಂಗಳಿಗೆ ಕ್ರಮವಾಗಿ ಪೆಟ್ಟಿಗೆಗೆ ಹಾಕಿ, ಸಾಲದಷ್ಟು ಬೆರೆಸಿ, ಗಾಜಿನ ಪಾತ್ರೆಗೆ ಸುರಿದರು. ಆಮೇಲೆ ಗಣಿತಜ್ಞರು ನೋಡುತ್ತಾರೆ: ಡಿಸೆಂಬರಿನ 31 ದಿನಗಳಲ್ಲಿ 26 ದಿನಗಳು ಮೊದಲ ಅರ್ಧದಲ್ಲಿಯೇ ಬಂದಿದ್ದುವು! ಯಾರೂ ಮೋಸ ಮಾಡಿರಲಿಲ್ಲ. ಚೆನ್ನಾಗಿ ಕುಲುಕಿರಲಿಲ್ಲ, ಅಷ್ಟೆ. ಅಲ್ಲಿ ಆಸಕ್ತಿ ಹೊಲಿಗೆಯ ಯಂತ್ರದ್ದಾಗಿರಲಿಲ್ಲ, ಪ್ರಾಣದ್ದಾಗಿತ್ತು. ನನ್ನ ಸೆಳೆಖಾನೆಯೂ ಆ ಗಾಜಿನ ಪಾತ್ರೆಯೂ ಕಲಿಸುವ ಪಾಠ ಒಂದೇ. ಮನಸ್ಸು ಶುದ್ಧವಾಗಿದ್ದರೆ ಸಾಲದು, ವಿಧಾನವೂ ಶುದ್ಧವಾಗಿರಬೇಕು.

ಆದುದರಿಂದ ಚೀಟಿ ನಡೆಸುವ ಮಿತ್ರರಿಗೆ ನನ್ನ ಅನುಭವದಿಂದ ಕೆಲವು ಸೂಚನೆಗಳು. ಪುಸ್ತಕವನ್ನು ಯಾರಿಗೆ ಕೊಟ್ಟಿರೋ ಅವರ ಹೆಸರನ್ನೂ ಸಂಖ್ಯೆಗಳನ್ನೂ ಕೊಡುವಾಗಲೇ ಬರೆದಿಡಿ. ಹೆಸರು ಬರೆಯದೆ ಚೀಟಿಯನ್ನು ಹರಿಯಬೇಡಿರೆಂದು ಮಾರುವ ಹುಡುಗರಿಗೆ ಹೇಳಿ. ಹಣವನ್ನು ಒಬ್ಬರು ಎಣಿಸಲಿ, ಕೌಂಟರ್‌ಫಾಯಿಲುಗಳನ್ನು ಬೇರೊಬ್ಬರು ಎಣಿಸಲಿ. ಎರಡೂ ಕೂಡಿಬಾರದೆ ಡಬ್ಬಿಯನ್ನು ವೇದಿಕೆಗೆ ತರಬೇಡಿ. ಮಾರದೆ ಉಳಿದ ಚೀಟಿಗಳನ್ನು ಸಭೆಯ ಮುಂದೆಯೇ ರದ್ದುಮಾಡಿ. ಬರಿದಾದ ಡಬ್ಬಿಯನ್ನು ತೋರಿಸಿ, ತುಂಬಿ, ಕೈಹಾಕಿ ಕಲಸಿ, ಒಂದೊಂದು ಚೀಟಿಯನ್ನು ಎತ್ತಿದ ಮೇಲೂ ಮತ್ತೆ ಕಲಸಿ. ಎತ್ತುವುದು ಅತಿಥಿಗಳ ಕೈಯಾಗುವುದಕ್ಕಿಂತ ಮಗುವಿನ ಕೈಯಾದರೆ ಮೇಲು. ನಡೆಸುವವರೂ ಅವರ ಮನೆಯವರೂ ಚೀಟಿ ಕೊಳ್ಳಲಿ, ಬಹುಮಾನ ಬಂದರೆ ಬಿಟ್ಟುಕೊಡಲಿ. ಗೆದ್ದವರು ಸಭೆಯಲ್ಲಿಲ್ಲದಿದ್ದರೆ ಎಷ್ಟು ದಿನ ಕಾಯುವುದೆಂಬುದನ್ನು ಮೊದಲೇ ಸಾರಿ. ಕೊನೆಗೆ, ಎಷ್ಟು ಹಣ ಬಂದಿತು, ಎಷ್ಟು ಖರ್ಚಾಯಿತು, ಎಷ್ಟು ಧರ್ಮಕ್ಕೆ ಸಂದಿತು ಎಂಬ ಮೂರು ಸಾಲಿನ ಲೆಕ್ಕವನ್ನು ಬರೆದು ಹಲಗೆಯ ಮೇಲೆ ಅಂಟಿಸಿ.

ಆ ಸಂಜೆಯ ತರುವಾಯ ನಾನು ಸ್ವತಃ ಚೀಟಿ ಮಾರುವ ಹೊಣೆಯನ್ನು ಹೊತ್ತಿಲ್ಲ. ಆದರೆ ಮಿತ್ರರ ಕೂಟಗಳಲ್ಲಿ ಲೆಕ್ಕ ನೋಡಲು ಕರೆದರೆ ಸಂತೋಷದಿಂದ ಹೋಗುತ್ತೇನೆ. ಚೀಟಿ ಎತ್ತುವ ಮೊದಲು ಅಧ್ಯಕ್ಷರ ಅಪ್ಪಣೆ ಪಡೆದು ವೇದಿಕೆಯ ಅಂಚಿಗೆ ಬಂದು ಹೀಗೆನ್ನುತ್ತೇನೆ: "ಮಾರಿದ ಚೀಟಿಗಳು ಇಷ್ಟು; ಡಬ್ಬಿಯಲ್ಲಿರುವುವೂ ಅಷ್ಟೇ. ತಮ್ಮ ಸಂಖ್ಯೆ ಒಳಗಿದೆಯೇ ಎಂದು ಯಾರಿಗಾದರೂ ನೋಡಬೇಕೆನಿಸಿದರೆ ದಯವಿಟ್ಟು ಈಗಲೇ ಬನ್ನಿ." ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ಒಮ್ಮೊಮ್ಮೆ ಹಿಂದಿನ ಸಾಲಿನಿಂದ ಯಾರಾದರೂ ಸಂಕೋಚದಿಂದ ಎದ್ದು ಬಂದು, ಇಣಿಕಿ ನೋಡಿ ಹೋಗುತ್ತಾರೆ. ಸಭೆ ನಗುತ್ತದೆ. ನಾನು ನಗುವುದಿಲ್ಲ, ಅವರು ನೋಡಿ ಮುಗಿಸುವವರೆಗೆ ಡಬ್ಬಿಯನ್ನು ಓರೆಮಾಡಿ ಹಿಡಿದಿರುತ್ತೇನೆ.